ಗುಬ್ಬಿಯ ಬಾಯಲ್ಲಿ ಅಪ್ಪಣೇಶ್ವರ

ಶನಿವಾರ ಬೆಳಿಗ್ಗೆ ಭಾವನ ದವಡೆಯ ಕಟ್ಟಕಡೆಯ ಹಲ್ಲನ್ನು ಕಿತ್ತಾಗ, ಪಕ್ಕದಲ್ಲಿ ನಿಂತು ಎಂಜಲು ಹೀರುವ ಕೊಳವೆ ಹಿಡಿದಿದ್ದವಳು ಅವರ ನಾದಿನಿಯೇ. ಮೂರು ಹೊಲಿಗೆ ಬಿದ್ದವು. ಡಾಕ್ಟರು ಕೈಗವಸು ಕಳಚುತ್ತಾ, "ಮೂರು ದಿನ ಮಾತು ಬೇಡ, ನಗು ಬೇಡ, ಬಾಯಿ ಅಗಲಿಸೋ ಯಾವ ಕೆಲಸವೂ ಬೇಡ" ಎಂದರು. ಭಾವ ನಾದಿನಿಯ ಮುಖ ನೋಡಿದರು, ನಾದಿನಿ ಭಾವನ ಮುಖ ನೋಡಿದಳು. ಮಾರನೆಯ ದಿನ ಭಾನುವಾರ. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಅಪ್ಪಣೇಶ್ವರ ಪ್ರತ್ಯಕ್ಷನಾಗಬೇಕಿತ್ತು!

ಅಪ್ಪಣೇಶ್ವರನೆಂದರೆ ದಬ್ಬಾಳಿಕೆಯ ದೇವರು. ಯಾವ ಗುಡಿಯಲ್ಲೂ ಇದ್ದವನಲ್ಲ. ಭಾವನ ತಲೆಯಲ್ಲಿ ಹುಟ್ಟಿ ಊಟದ ಮೇಜಿನ ಮೇಲೆ ಬೆಳೆದವನು. ಭಾವ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವರು. ವಾರವಿಡೀ ಕಂಡವರ ಜಮೀನಿಗೆ ಗಡಿ ಎಳೆದು ಎಳೆದು ಬೇಸತ್ತು, ಭಾನುವಾರ ಬಂತೆಂದರೆ ತಮ್ಮದೇ ರಾಜ್ಯ, ಕಾಡು, ಕೋಟೆಗಳನ್ನು ಬರೆದು ಹರಡುತ್ತಿದ್ದರು. ಕಥೆ ನಡೆಸುವವರು ಅವರು. ಮೇಜಿನ ಸುತ್ತ ಕೂತವರು ಒಬ್ಬೊಬ್ಬರು ಒಂದೊಂದು ವೇಷ ಹೊತ್ತು ಆ ಕಥೆಯೊಳಗೆ ನಡೆಯಬೇಕು. ಗೋಡೆ ಹಾರಿದರೆ ಆಚೆ ಬೀಳುತ್ತಾರೋ ಈಚೆ ಬೀಳುತ್ತಾರೋ ಎಂಬ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಎಸೆಯಬೇಕು. ದೊಡ್ಡ ಅಂಕಿ ಬಂದರೆ ಗೆದ್ದರು, ಚಿಕ್ಕದು ಬಂದರೆ ಮಣ್ಣು ಮುಕ್ಕಿದರು.

ಹದಿನಾಲ್ಕು ತಿಂಗಳಿಂದ ಅವರು ಅಪ್ಪಣೇಶ್ವರನ ಕೋಟೆಯತ್ತ ನಡೆಯುತ್ತಲೇ ಇದ್ದರು. ಆ ದೇವರ ರಾಜ್ಯದಲ್ಲಿ ಸೀನಬೇಕಾದರೂ ಮೂರು ಪ್ರತಿಯಲ್ಲಿ ಅರ್ಜಿ ಹಾಕಬೇಕು. ನಾಯಿಗಳು ಸರದಿ ಪ್ರಕಾರ ಬೊಗಳುತ್ತವೆ. ಗಾಳಿಗೂ ಬೀಸುವ ವೇಳಾಪಟ್ಟಿ ಇದೆ. ಸಾವಿರ ಮೆಟ್ಟಿಲ ಮೇಲಿನ ಸಿಂಹಾಸನದಲ್ಲಿ ಕೂತ ಅವನನ್ನು ಕಂಡವರು ಯಾರೂ ಇಲ್ಲ. ಕಾಣುವ ದಿನ ಈ ಭಾನುವಾರವೇ ಎಂದು ಭಾವ ಮಾತು ಕೊಟ್ಟಿದ್ದರು. ಈಗ ನೋಡಿದರೆ ಆ ಮಾತೇ ಬಿದ್ದುಹೋಗಿತ್ತು.

ನಾದಿನಿಯನ್ನು ಮನೆಯವರೂ ನೆರೆಯವರೂ ಕರೆಯುತ್ತಿದ್ದದ್ದು ಗುಬ್ಬಿ ಎಂದು. ವಯಸ್ಸು ಇಪ್ಪತ್ತೊಂಬತ್ತು, ದನಿ ಮಾತ್ರ ಎರಡು ಮೊಳದಾಚೆ ಹೋಗುತ್ತಿರಲಿಲ್ಲ. ಕ್ಲಿನಿಕ್ಕಿನಲ್ಲಿ ಅವಳು ಹೆಸರು ಕರೆದರೆ ಬೆಂಚಿನ ಮೇಲಿದ್ದವರೆಲ್ಲ "ಏನಂದ್ರಿ?" ಎಂದು ಕಿವಿಗೆ ಕೈ ಹಚ್ಚುತ್ತಿದ್ದರು. ಆಟದಲ್ಲಿ ಅವಳದು ಕುದುರೆಯ ಪಾತ್ರ. "ಮಾತಾಡೋ ತಾಪತ್ರಯ ಇಲ್ಲ, ನಿನಗೆ ಆರಾಮ" ಎಂದು ಅಕ್ಕನೇ ಆರಿಸಿ ಕೊಟ್ಟದ್ದು.

ಅಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗಿನ ಇನ್ನೊಂದು ಬ್ರೇಕನ್ನು ಹನ್ನೊಂದು ವರ್ಷ ಒತ್ತಿ ಒತ್ತಿ, ಈಗ ಸೋಫಾದಲ್ಲಿ ಕೂತಾಗಲೂ ಯಾರಾದರೂ ಜೋರಾಗಿ ಹೆಜ್ಜೆ ಹಾಕಿದರೆ ಅವಳ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ತಂಗಿಯ ಮೇಲೆ ಅವಳಿಗೆ ಜೀವ. ಹೋದ ವಾರವಷ್ಟೇ ಡಾಕ್ಟರು ಫೋನ್ ಮಾಡಿ, ಸೇತುವೆಯಾಚೆ ತೆರೆಯಲಿರುವ ಹೊಸ ಕ್ಲಿನಿಕ್ಕಿನ ಉಸ್ತುವಾರಿ ಗುಬ್ಬಿ ವಹಿಸಿಕೊಳ್ಳುತ್ತಾಳಾ ಎಂದು ಕೇಳಿದ್ದರು. ಫೋನ್ ಎತ್ತಿದ್ದವಳು ಅಕ್ಕ. "ಅಯ್ಯೋ, ಅವಳಿಂದ ಅದೆಲ್ಲ ಆಗಲ್ಲ ಡಾಕ್ಟ್ರೇ, ಗಾಬರಿ ಬೀಳ್ತಾಳೆ" ಎಂದು ಹೇಳಿ ಇಟ್ಟೇಬಿಟ್ಟಳು. ತಟ್ಟೆ ಒರೆಸುತ್ತಾ ನಿಂತಿದ್ದ ಗುಬ್ಬಿಗೆ, "ನಿನ್ನ ಒಳ್ಳೇದಕ್ಕೇ ಹೇಳಿದ್ದು" ಎಂದಳು. ಗುಬ್ಬಿ ಅದೇ ತಟ್ಟೆಯನ್ನು ಇನ್ನೊಮ್ಮೆ ಒರೆಸಿದಳು.

ಭಾನುವಾರ ಮೂರಕ್ಕೆ ಎಲ್ಲರೂ ಹಾಜರು. ಕೆಳಗಿನ ಮಳಿಗೆಯ ಬೇಕರಿಯಾಕೆ ಅರ್ಧ ದಿನ ಬಾಗಿಲು ಹಾಕಿ ಬಂದಿದ್ದಳು. ಆಟದಲ್ಲಿ ಅವಳು ಮಾಟಗಾತಿ. ಎದುರು ಮನೆಯ ಕಂಡಕ್ಟರ್ ಮಾಮ, ಬಸ್ಸಿನ ಕೆಲಸದಿಂದ ನಿವೃತ್ತರಾದವರು, ದೇವರನ್ನು ಎದುರಿಸುವ ದಿನವೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಅವರು ಉಕ್ಕಿನ ಕವಚದ ವೀರ. ಗುಬ್ಬಿ ಅವರದೇ ಕುದುರೆ. ಅಕ್ಕ ಬೀಗ ಮುರಿಯುವ ಕಳ್ಳಿ. ಗಲ್ಲಕ್ಕೆ ಮಫ್ಲರ್ ಕಟ್ಟಿಕೊಂಡು ಕೂತಿದ್ದ ಭಾವ ಸ್ಲೇಟಿನ ಮೇಲೆ ಬರೆದು ತೋರಿಸಿದರು: ಇವತ್ತು ಗುಬ್ಬಿಯೇ ಅಪ್ಪಣೇಶ್ವರ.

"ಇವಳಾ?" ಅಕ್ಕ ನಕ್ಕಳು. "ಬೇಡ ರೀ, ಪಾಪ. ಮುಂದಿನ ವಾರ ಆಡೋಣ."

"ನಾನು ಓವನ್ ಆರಿಸಿ ಬಂದಿದ್ದೀನಮ್ಮ" ಎಂದಳು ಬೇಕರಿಯಾಕೆ. "ಇವತ್ತು ದೇವರನ್ನ ನೋಡದೆ ನಾನು ಏಳಲ್ಲ."

ಗುಬ್ಬಿಯ ಕೈಗೆ ಭಾವ ಬರೆದಿಟ್ಟ ಚೀಟಿಗಳು ಬಂದವು. ಮೊದಲನೆಯದರಲ್ಲಿ, ಗುಡುಗಿನಂತೆ ಗರ್ಜಿಸು, ಎಂದಿತ್ತು. ಗರ್ಜಿಸುವುದು! ಅವಳ ಗಂಟಲಿನಿಂದ ಬಂದದ್ದು ಎಂದಿನ ಅದೇ ಸಣ್ಣ ದನಿ.

"ಬಂದ್ರಾ."

ಯಾರಿಗೂ ಕೇಳಿಸಲಿಲ್ಲ. ಬೇಕರಿಯಾಕೆ ಎದ್ದು ಫ್ಯಾನ್ ಆರಿಸಿದಳು. ಕಂಡಕ್ಟರ್ ಮಾಮ ಮುಂದೆ ಬಾಗಿದರು. ಎಲ್ಲರೂ ಉಸಿರು ಬಿಗಿಹಿಡಿದು ತನ್ನ ತುಟಿಯನ್ನೇ ನೋಡುತ್ತಿರುವುದು ಗುಬ್ಬಿಯ ಗಮನಕ್ಕೆ ಬಂತು. ಉಯ್ಯಾಲೆ ಮೇಲಕ್ಕೆ ಹೋದಾಗ ಆಗುತ್ತದಲ್ಲ, ಹಾಗಾಯಿತು. ಅವಳು ಚೀಟಿಗಳನ್ನು ಮಗುಚಿಟ್ಟಳು.

"ಹದಿನಾಲ್ಕು ತಿಂಗಳಾಯ್ತು. ನಿಮ್ಮ ಒಂದೊಂದು ಹೆಜ್ಜೇನೂ ಎಣಿಸ್ತಾ ಕೂತಿದ್ದೀನಿ" ಎಂದಳು ಮೆತ್ತಗೆ. "ಚಪ್ಪಲಿ ಒರೆಸ್ಕೊಂಡು ಒಳಗೆ ಬನ್ನಿ."

ಕಂಡಕ್ಟರ್ ಮಾಮನ ತೋಳಿನ ಮೇಲೆ ರೋಮ ಎದ್ದು ನಿಂತಿತು. "ಇದೇನಮ್ಮಾ ಇದು!" ಎಂದು ತೋಳು ಉಜ್ಜಿಕೊಂಡರು.

ಅಲ್ಲಿಂದ ಅಪ್ಪಣೇಶ್ವರನಿಗೆ ಕಡಿವಾಣವಿಲ್ಲ. ಮಾಟಗಾತಿ ಬೆಂಕಿಯುಂಡೆ ಎಸೆದಳು. "ಬೆಂಕಿಗೆ ಇವತ್ತು ರಜೆ" ಎಂದ ದೇವರು ದಾಳ ಎಸೆದರೆ ಹತ್ತೊಂಬತ್ತು. ವೀರ ಕತ್ತಿ ಹಿರಿದ. "ಕತ್ತಿ ಒಳಗಿಡಪ್ಪ, ನೆಗಡಿಯಾದೀತು" ಎಂದರೆ ಹದಿನೆಂಟು. ನಕ್ಕವರು ಒಂದು ಸರದಿ ಕಳೆದುಕೊಳ್ಳತಕ್ಕದ್ದು ಎಂದು ಅಪ್ಪಣೆಯಾದದ್ದೇ ತಡ, ಕಂಡಕ್ಟರ್ ಮಾಮನಿಗೆ ನಗು ತಡೆಯಲಾಗಲಿಲ್ಲ, ಮೂರು ಸರದಿ ಹೋಯಿತು. ಭಾವ ಸ್ಲೇಟಿನಲ್ಲಿ, ಇದು ನನ್ನ ಕಥೆಯಲ್ಲಿಲ್ಲ, ಎಂದು ಬರೆದು ಎತ್ತಿ ಹಿಡಿದರು.

"ಸ್ಲೇಟಿಗೂ ಬೀಗ" ಎಂದಳು ಗುಬ್ಬಿ.

ಭಾವ ಸ್ಲೇಟನ್ನು ನಿಜಕ್ಕೂ ಕೆಳಗಿಟ್ಟರು! ನಗಬಾರದೆಂದು ಗಲ್ಲವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು, ಕಣ್ಣಲ್ಲಿ ನೀರು ಧಾರಾಕಾರ. ಬೇಕರಿಯಾಕೆ ಬಿಕ್ಕಳಿಸುತ್ತಿದ್ದಳು. ಗುಬ್ಬಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವಳು ಕುರ್ಚಿಯ ಮೇಲೇ ಮಂಡಿಯೂರಿ ಕೂತಿದ್ದಳು.

ಉಳಿದವಳು ಕಳ್ಳಿಯೊಬ್ಬಳೇ. "ನಾನು ತಲೆ ಬಾಗಲ್ಲ" ಎಂದಳು ಅಕ್ಕ, ಎದೆಗೆ ಕೈಕಟ್ಟಿ.

"ಬಾಗ್ಬೇಡ" ಎಂದ ಅಪ್ಪಣೇಶ್ವರ ಪ್ರೀತಿಯಿಂದ. "ನಿನಗೆ ಅದೆಲ್ಲ ಆಗಲ್ಲ, ಪಾಪ, ಗಾಬರಿ ಬೀಳ್ತೀಯ. ನಿನ್ನ ಪರವಾಗಿ ನಾನೇ ಬಾಗಿಬಿಡ್ತೀನಿ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಹೇಳಿ ಮುಗಿದ ಮೇಲೇ ಗುಬ್ಬಿಗೆ ತಾನು ಹೇಳಿದ್ದೇನೆಂದು ಗೊತ್ತಾದದ್ದು. ಕಂಡಕ್ಟರ್ ಮಾಮ ಕೆಮ್ಮಿದರು. ಬೇಕರಿಯಾಕೆ ಚಾವಣಿ ನೋಡತೊಡಗಿದಳು. ಭಾವ ಮಫ್ಲರನ್ನು ಮೂಗಿನವರೆಗೆ ಏರಿಸಿಕೊಂಡರು.

"ಹಾಗೆ ಯಾರು ಮಾತಾಡ್ತಾರೆ?" ಎಂದಳು ಅಕ್ಕ.

ಅಕ್ಕನ ಮುಖ ಕೆಂಪಗಾಯಿತು. ಮೇಜಿನ ಕೆಳಗೆ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು. ಎದ್ದುಹೋಗುತ್ತಾಳೆ ಎಂದುಕೊಂಡಳು ಗುಬ್ಬಿ. ಆದರೂ ಆಡಿದ್ದನ್ನು ನುಂಗಿಕೊಳ್ಳಲು ಮನಸ್ಸು ಬರಲಿಲ್ಲ. ದಾಳ ಎತ್ತಿಕೊಂಡು, "ಇನ್ನು ಮೇಲೆ ನನ್ನ ಕೇಳದೆ ಯಾರೂ ಏನೂ ಮಾಡೋ ಹಾಗಿಲ್ಲ" ಎಂದು ಎಸೆದಳು. ಉರುಳಿ ಉರುಳಿ ನಿಂತದ್ದು ಇಪ್ಪತ್ತು. ಅಪ್ಪಣೆ ಕಲ್ಲಿನ ಮೇಲೆ ಬರೆದಂತಾಯಿತು.

ಅಕ್ಕ ಆ ಇಪ್ಪತ್ತನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ತುಟಿಯ ಒಂದು ತುದಿ ಮೇಲೆದ್ದಿತು. "ಒಡೆಯಾ, ಉಸಿರಾಡಲಾ?" ಎಂದಳು.

"ಆಡು."

"ಮೂಗಿನಿಂದಲಾ, ಬಾಯಿಂದಲಾ?"

"ಮೂಗಿಂದ."

"ಬಲಗಡೆ ಹೊಳ್ಳೆನಾ, ಎಡಗಡೇದಾ? ಕಣ್ಣು ಮಿಟುಕಿಸಲಾ? ಎರಡನ್ನೂ ಒಟ್ಟಿಗೇನಾ?"

ಕಂಡಕ್ಟರ್ ಮಾಮನಿಗೆ ಅವಳ ಉಪಾಯ ತಟ್ಟನೆ ಹೊಳೆಯಿತು. "ಒಡೆಯಾ, ಬೆನ್ನು ಕಡೀತಿದೆ, ಕವಚದ ಮೇಲಿಂದ ಕೆರ್ಕೊಳ್ಲಾ, ಒಳಗಿಂದಲಾ?" ಎಂದು ಬಸ್ಸಿನ ಹಿಂದಿನ ಬಾಗಿಲಿಗೂ ಕೇಳುವಂತೆ ಕೂಗಿದರು. ಬೇಕರಿಯಾಕೆ ನಡುವೆ ನುಗ್ಗಿದಳು: "ಒಡೆಯಾ, ಬಿಕ್ಕಳಿಕೆ ನಿಲ್ಸೋದಾ, ಮುಂದುವರಿಸೋದಾ? ಮುಂದುವರಿಸಿದ್ರೆ ಎಷ್ಟು?"

"ಆರು! ಕೆರ್ಕೋ! ಎಡಗಡೆ! ಮಿಟುಕಿಸು!" ಗುಬ್ಬಿಯ ದನಿ ಏರಿತು. ಅಷ್ಟು ದೊಡ್ಡ ದನಿ ತನ್ನೊಳಗಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಪ್ರಶ್ನೆಗಳು ಜೇನುಹುಳುಗಳಂತೆ ಮುತ್ತಿಕೊಂಡವು. ಕೂರಲಾ, ನಿಲ್ಲಲಾ, ಆಕಳಿಸಲಾ, ಯೋಚಿಸಲಾ, ಯೋಚಿಸಿದರೆ ಯಾವುದರ ಬಗ್ಗೆ? ಗುಬ್ಬಿ ಕೈ ಬೀಸುತ್ತಾ, ನಗುತ್ತಾ, ಉಸಿರು ಸಿಗದೆ, "ಹ್ಞೂಂ! ಬೇಡ! ಹ್ಞೂಂ! ಹ್ಞೂಂ!" ಎನ್ನುತ್ತಿದ್ದಳು.

"ಒಡೆಯಾ, ಸಿಂಹಾಸನ ಎಳೀಲಾ?"

"ಹ್ಞೂಂ ಎಳಿ, ಎಳಿ!"

ಒಮ್ಮೆಲೇ ಎಲ್ಲರ ಕಣ್ಣು ಒಂದೇ ಕಡೆ ತಿರುಗಿತು. ಕೇಳಿದವಳು ಅಕ್ಕ. ಗುಬ್ಬಿಯ ಕೈ ದಾಳದತ್ತ ಹೋಗುವುದರೊಳಗೆ ಭಾವ ಬೀಗ ಹಾಕಿದ್ದ ಸ್ಲೇಟನ್ನು ಕಸಿದು ಬರೆದರು: ದಾಳ ಬೇಡ. ಅಪ್ಪಣೆಯಾಗಿದೆ.

ಮನೆ ಹಾರಿಹೋಗುವಂಥ ಗದ್ದಲ. ಕಂಡಕ್ಟರ್ ಮಾಮ ಬೇಕರಿಯಾಕೆಯ ಕೈ ಹಿಡಿದು ಕುಣಿದರು. ದೇವರು ಬೀಳುವುದನ್ನೂ ಗುಬ್ಬಿಯೇ ವರ್ಣಿಸಬೇಕಾಯಿತು. ಒಂದನೇ ಮೆಟ್ಟಿಲಿಗೆ ಕಿರೀಟ ಹೋಯಿತು, ಎಪ್ಪತ್ತನೆಯದಕ್ಕೆ ಗಡ್ಡ, ಇನ್ನೂರರಲ್ಲಿ ಎರಡೂ ಚಪ್ಪಲಿ, ನಾನೂರರಲ್ಲಿ ಸರದಿ ಮರೆತ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು, ಆರುನೂರರಲ್ಲಿ ಅಪ್ಪಣೇಶ್ವರ ಅರ್ಜಿಯಿಲ್ಲದೆ ಸೀನಿದ. ಅಲ್ಲಿಗೆ ಭಾವನ ಕಟ್ಟೆ ಒಡೆಯಿತು. ಬಾಯಗಲಿಸಿ ಹೋ ಎಂದು ನಕ್ಕರು, ಮರುಕ್ಷಣ "ಅಮ್ಮಾ!" ಎಂದು ಗಲ್ಲ ಹಿಡಿದರು. ಒಂದು ಹೊಲಿಗೆ ಕಿತ್ತುಬಂದಿತ್ತು.

ಎಲ್ಲರೂ ಹೋದ ಮೇಲೆ ಅಕ್ಕ ಲೋಟ ತೊಳೆದಳು, ಗುಬ್ಬಿ ಒರೆಸಿದಳು.

"ನಾನು ನಿಜವಾಗ್ಲೂ ಹಾಗೇನಾ?" ಎಂದಳು ಅಕ್ಕ, ನಲ್ಲಿಯ ಕಡೆಗೇ ನೋಡುತ್ತಾ.

"ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು?"

"ನಿನಗೆ ಗಡ್ಡ ಇಲ್ಲ."

ಅಕ್ಕ ಸೋಪಿನ ನೊರೆಯನ್ನು ಅವಳ ಮುಖಕ್ಕೆ ಎರಚಿದಳು. ಇಬ್ಬರೂ ನಕ್ಕರು, ನಗು ನಿಲ್ಲಿಸಿದರು, ಮತ್ತೆ ನಕ್ಕರು. ಆಮೇಲೆ ಗುಬ್ಬಿ ಹೇಳಿದಳು: "ಹೊಸ ಕ್ಲಿನಿಕ್ ನಾನು ನೋಡ್ಕೋತೀನಿ ಅಕ್ಕ. ನಾಳೆ ಡಾಕ್ಟ್ರಿಗೆ ನಾನೇ ಹೇಳ್ತೀನಿ. ಗಾಬರಿ ಆಗತ್ತೆ, ಗೊತ್ತು. ಆಗ್ಲಿ ಬಿಡು."

ಅಕ್ಕ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದು, "ಆ ಸೇತುವೆ ಹತ್ರ ಲಾರಿಗಳು..." ಎಂದಳು.

"ಅಕ್ಕಾ."

"ಏನೂ ಇಲ್ಲಮ್ಮ. ನಾನೇನೂ ಹೇಳ್ಲಿಲ್ಲ." ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ಅಂದಳು: "ನಿನ್ನ ಕೇಳದೆ ಆ ಫೋನಲ್ಲಿ ಹಾಗೆ ಹೇಳ್ಬಾರ್ದಿತ್ತು ಕಣೇ."

ಸೋಮವಾರ ಬೆಳಿಗ್ಗೆ ಭಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗುಬ್ಬಿ ಕ್ಲಿನಿಕ್ಕಿಗೆ ಹೋದಳು. ಡಾಕ್ಟರು ಬೈಯುತ್ತಲೇ ಹೊಸ ಹೊಲಿಗೆ ಹಾಕಿದರು. ದಾರ ಕತ್ತರಿಸಿಕೊಡುತ್ತಾ ಗುಬ್ಬಿ ವಿಷಯ ಎತ್ತಿದಳು. "ನಿಮ್ಮಕ್ಕ ಆಗಲ್ಲ ಅಂದಿದ್ರಲ್ಲ?" ಎಂದರು ಡಾಕ್ಟರು.

"ಅದು ಅಕ್ಕ ಹೇಳಿದ್ದು. ನನ್ನ ಮಾತು ಇದು."

ಬಾಯಿ ತೆರೆದೇ ಮಲಗಿದ್ದ ಭಾವ ಹೆಬ್ಬೆರಳೆತ್ತಿ ಸಾಕ್ಷಿ ನುಡಿದರು. ಬುಧವಾರ ಬೀಗದ ಕೈ ತೆಗೆದುಕೊಂಡು ಹೋಗಿ ಎಂದರು ಡಾಕ್ಟರು.

ಬುಧವಾರದವರೆಗೆ ಕಾಯುವುದು ಯಾರಿಂದಾಗುತ್ತದೆ? ಮಧ್ಯಾಹ್ನದ ಊಟದ ಬಿಡುವಿನಲ್ಲೇ ಅವಳು ಭಾವನನ್ನೂ ಹೊತ್ತುಕೊಂಡು ಸೇತುವೆ ದಾಟಿದಳು. ಹೊಸ ಕ್ಲಿನಿಕ್ಕಿನ ಗಾಜಿಗೆ ಮೂಗು ಒತ್ತಿ, ಎರಡೂ ಕೈ ಕಣ್ಣಿನ ಪಕ್ಕ ಮರೆಮಾಡಿ ಒಳಗೆ ನೋಡಿದಳು. ಗೋಡೆಗೆ ಹಸಿರು ಬಣ್ಣ ಇನ್ನೂ ಹಸಿ. ಕೈ ತೊಳೆಯುವ ಬೇಸಿನ್ ತಪ್ಪು ಮೂಲೆಯಲ್ಲಿತ್ತು. ಔಷಧದ ಕಪಾಟು ಅವಳ ಕೈಗೆ ಎಟುಕುವಂತಿರಲಿಲ್ಲ.

"ಭಾವ, ಆ ಕಪಾಟು ಒಂದು ಅಡಿ ಕೆಳಗೆ ಬರ್ಬೇಕು ಅಲ್ವಾ?" ಎಂದಳು.

ಭಾವ ಗಲ್ಲದ ಮೇಲೆ ಐಸಿನ ಚೀಲ ಒತ್ತಿಕೊಂಡು, ಜೇಬಿನಿಂದ ಅಳತೆಯ ಟೇಪು ತೆಗೆದು ಗಾಜಿನ ಹೊರಗಿನಿಂದಲೇ ಹಿಡಿದು ನೋಡಿದರು. ಒಂದೂವರೆ ಅಡಿ ಎಂದು ಬೆರಳಲ್ಲಿ ತೋರಿಸಿದರು.