ಹೇಳಿಕೊಡದೇ ಓಡುವ ಕಾರು

ಮೊದಲ ಸಲ ನಮ್ಮ ಕಾರು ತಪಾಸಣೆಯಲ್ಲಿ ಫೇಲಾದದ್ದು ಅಮ್ಮನ ಒಳ್ಳೆಯತನದಿಂದ. ತನ್ನ ಕಾರನ್ನು ಹೊರಗಿನವರ ಕೈಗೆ ಕೊಡಲೇಬೇಕಾದ ಪ್ರಸಂಗ ಬಂದರೆ ಅಮ್ಮ ಪಕ್ಕದಲ್ಲಿ ನಿಂತು ಅದರ ಗುಣಸ್ವಭಾವಗಳನ್ನೆಲ್ಲ ವಿವರಿಸಿಯೇ ಕೀ ಕೊಡುವುದು. ಅಂದೂ ತಪಾಸಣೆಯ ಅಧಿಕಾರಿ ಕೀಗೆಂದು ಕೈ ಚಾಚಿದಾಗ ಹಾಗೇ ಮಾಡಿದಳು.

"ಡೋರನ್ನ ಸ್ವಲ್ಪ ಮೇಲಕ್ಕೆತ್ತಿ ಎಳೀರಿ ಸಾರ್, ಬರುತ್ತೆ. ಬ್ರೇಕ್ ಒಂದೇ ಸಲ ಒತ್ತಬೇಡಿ, ಎರಡು ಸಲ ಒತ್ತಿ, ಎರಡನೇದಕ್ಕೆ ಗಟ್ಟಿಯಾಗಿ ಹಿಡಿಯುತ್ತೆ. ಹ್ಯಾಂಡ್‌ಬ್ರೇಕ್ ನಂಬ್ಕೋಬೇಡಿ, ಡಿಕ್ಕೀಲಿ ಮರದ ತುಂಡಿದೆ, ಚಕ್ರಕ್ಕೆ ಕೊಡಿ. ಹಾರನ್‌ಗೆ ಇಲ್ಲಿ ನೋಡಿ, ರೇಡಿಯೋ ಪಕ್ಕ, ಕಾಲಿಂಗ್ ಬೆಲ್ ಬಟನ್ ಇದೆ. ನಮ್ಮೆಜಮಾನ್ರೇ ಹಾಕಿದ್ದು."

ಅಧಿಕಾರಿ ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದರು. ಎಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಾರೆ ಎಂದು ಅಮ್ಮನಿಗೆ ಹಿಗ್ಗು. ಹಿಂದಿನ ಕಿಟಕಿ ಇಳಿಸುವಾಗ ಗಾಜನ್ನು ಅಂಗೈಯಿಂದ ಒತ್ತಬೇಕೆಂಬುದನ್ನೂ ಸೇರಿಸಿದಳು. ಅವರು ಅದನ್ನೂ ಬರೆದುಕೊಂಡು ಹಾಳೆಯನ್ನು ಅವಳ ಕೈಗೇ ಕೊಟ್ಟರು.

"ಇದನ್ನ ಮಷೀನ್ ಮೇಲೆ ಹತ್ತಿಸೋದೇ ಬೇಡಮ್ಮ. ನನ್ನ ಕೆಲಸ ಎಲ್ಲಾ ನೀವೇ ಮಾಡಿ ಮುಗಿಸಿದ್ರಿ."

ಅಮ್ಮನಿಗೆ ಆ ಕಾರೇ ಕಸುಬು. ಬೆಳಿಗ್ಗೆ ನಮ್ಮ ಬೀದಿಯ ಮಕ್ಕಳನ್ನು ಶಾಲೆಗೆ ಬಿಡುತ್ತಾಳೆ, ಮಧ್ಯಾಹ್ನ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಅವಳ ಪಕ್ಕದ ಸೀಟಿನಲ್ಲಿ ನಾನು. ಮುದುಕರನ್ನು ಕೈಹಿಡಿದು ಹತ್ತಿಸುವುದು, ಇಳಿಸುವುದು ನನ್ನ ಪಾಲಿನ ಕೆಲಸ. ಉಳಿದ ಹೊತ್ತು ಮನೆಯಲ್ಲಿ ಹೊಲಿಗೆ. ತಪಾಸಣೆಯ ಚೀಟಿ ಗಾಜಿನ ಮೇಲಿಲ್ಲದೆ ಬಾಡಿಗೆಗೆ ಒಬ್ಬರನ್ನೂ ಕೂರಿಸುವ ಹಾಗಿಲ್ಲ. ಉಳಿದದ್ದು ಇನ್ನೊಂದೇ ಅವಕಾಶ. ಅದರಲ್ಲೂ ಫೇಲಾದರೆ ಬಾಡಿಗೆಯ ಪರವಾನಗಿಯೇ ರದ್ದು. ಸುದ್ದಿ ಕೇಳಿ ಅಮ್ಮನ ಅಣ್ಣ ಅಂದೇ ಬಂದು ಕುರ್ಚಿ ಎಳೆದು ಕೂತರು.

"ಸಾಕು ಬಿಡೇ ತಂಗೀ. ನನ್ನ ಪರದೆ ಅಂಗಡಿಗೆ ಬಾ. ನೆರಳಲ್ಲಿ ಕೂತು ಬಟ್ಟೆ ಮಡಚು. ಹೆಂಗಸರಿಗೆ ಹೇಳಿ ಮಾಡಿಸಿದ ಕೆಲಸ."

"ಹೌದಣ್ಣ, ನೀನು ಮಡಚಿಟ್ಟಿರೋದು ನೋಡಿದ್ರೆ ಗಂಡಸರಿಗೆ ಹೇಳಿ ಮಾಡಿಸಿದ್ದಲ್ಲ ಅಂತ ಗೊತ್ತಾಗುತ್ತೆ," ಎಂದಳು ಅಮ್ಮ. ನಕ್ಕಳು. ಆದರೆ ಅವರು ಹೋದ ಮೇಲೆ ಒಲೆಯ ಮುಂದೆ ನಿಂತಿದ್ದವಳಿಗೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಅಪ್ಪನ ತೀರ್ಮಾನ ಬೇರೆ. ಅಪ್ಪ ಮನೆಗಳಿಗೆ ವೈರಿಂಗ್ ಮಾಡುವವನು. ಕೆಟ್ಟದ್ದನ್ನು ಹೇಗಾದರೂ ನಡೆಯುವ ಹಾಗೆ ಮಾಡುವುದರಲ್ಲಿ ಅವನದು ಎತ್ತಿದ ಕೈ. "ಗಾಡಿಗೇನಾಗಿದೆ? ಬಾಯಿ ಬಿಟ್ಟು ಕೆಟ್ಟೆ ನೀನು. ಈ ಸಲ ಬಾಯಿಗೆ ಬೀಗ ಹಾಕ್ಕೊಂಡಿರು, ಪಾಸಾಗುತ್ತೆ."

"ನಿಮ್ಮ ಬೆಲ್ ಒತ್ತಿದ್ರೆ ಯಾರು ಬಂದು ಬಾಗಿಲು ತೆಗೀತಾರೆ ಅಂತ ಕೇಳಿದ್ರು ರೀ ಆ ಆಫೀಸರ್ರು!"

ಅಪ್ಪನ ಮುಖ ಸಣ್ಣದಾಯಿತು. ಮರುದಿನ ತಾನೇ ಬಟನ್ ಬಿಚ್ಚಿ, ಸ್ಟೇರಿಂಗ್ ಒಳಗಿನ ತಂತಿಯನ್ನು ಹೊಸದಾಗಿ ಎಳೆದು, ಹಾರನ್ನನ್ನು ಅದರ ಜಾಗದಲ್ಲೇ ಕೂಗುವ ಹಾಗೆ ಮಾಡಿದ. ಹತ್ತಿರದ ಗ್ಯಾರೇಜಿನವರು ಡೋರಿನ ಕೀಲು, ಕಿಟಕಿಯ ಗಾಜು ಇಳಿಸುವ ಹಲ್ಲುಪಟ್ಟಿ, ಹ್ಯಾಂಡ್‌ಬ್ರೇಕಿನ ಕೇಬಲ್ಲು ಬದಲಾಯಿಸಿಕೊಟ್ಟರು. ಬ್ರೇಕಿನೊಳಗೆ ಸೇರಿದ್ದ ಗಾಳಿ ತೆಗೆದವರು ಮಾತ್ರ ನಾವೇ. ಅಮ್ಮ ಪೆಡಲಿನ ಮೇಲೆ ಕಾಲಿಟ್ಟು ಕೂತಳು, ನಾನು ಚಕ್ರದ ಹಿಂದೆ ಚಾಪೆ ಹಾಸಿ ಮಲಗಿದೆ. ಗ್ಯಾರೇಜಿನವರು ತೋರಿಸಿಕೊಟ್ಟಿದ್ದಂತೆ ಬ್ರೇಕಿನ ಸಣ್ಣ ತಿರುಪಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಯ ಎಣ್ಣೆಯಲ್ಲಿ ಮುಳುಗಿಸಿದ್ದೆ.

"ಒತ್ತು."

"ಒತ್ತಿದೆ."

ತಿರುಪು ಸಡಿಲಿಸಿದರೆ ಎಣ್ಣೆಯ ಜೊತೆ ಗುಳ್ಳೆಗಳು ಓಡಿಬರುತ್ತಿದ್ದವು. ಬಿಗಿಮಾಡಿ, "ಈಗ ಬಿಡು," ಎನ್ನುತ್ತಿದ್ದೆ. ಗುಳ್ಳೆಗಳು ಮೊದಲು ಗುಂಪಾಗಿ, ಆಮೇಲೆ ಒಂಟೊಂಟಿಯಾಗಿ ಬಂದು ಕೊನೆಗೆ ನಿಂತೇಹೋದವು. ನಾಲ್ಕೂ ಚಕ್ರ ಮುಗಿದಾಗ ಅಮ್ಮ ಪೆಡಲ್ ಒತ್ತಿ, "ಅಯ್ಯೋ, ಕಲ್ಲು ತುಳಿದ ಹಾಗಾಯ್ತಲ್ಲೇ!" ಎಂದು ಕೂಗಿದಳು. ನನ್ನ ಕೂದಲಲ್ಲೆಲ್ಲ ಬ್ರೇಕ್ ಎಣ್ಣೆ. ಆದರೂ ಚಾಪೆಯ ಮೇಲಿಂದ ತಕ್ಷಣ ಏಳಬೇಕೆನಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅವಳು ಹಾಗೇ ಕೂಗುತ್ತಿರಲಿ ಎನಿಸಿತು.

ಎಲ್ಲ ಮುಗಿಯಿತೆಂದು ಅಪ್ಪ ಕೈ ತೊಳೆದುಕೊಂಡ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ನಾವು ಸರಿಮಾಡಿದ್ದೆಲ್ಲ ಅಮ್ಮ ಬಾಯಿಬಿಟ್ಟು ಹೇಳಿದ್ದನ್ನು. ಅವಳು ಹೇಳದೆ ಉಳಿದದ್ದು? ಹೇಳಬೇಕೆಂದೇ ಅವಳಿಗೆ ಹೊಳೆಯದ್ದು? ಬಚ್ಚಲಮನೆಯ ಬಾಗಿಲು ತೆಗೆಯುವಾಗ ನಮ್ಮ ಮನೆಯವರೆಲ್ಲ ಮೊಣಕಾಲಿನಿಂದ ಅದನ್ನು ಒಂದು ಸಲ ಗುದ್ದುತ್ತೇವೆ. ಹೊಸದಾಗಿ ಬಂದವರು ಒಳಗೇ ಸಿಕ್ಕಿಕೊಂಡು ಕೂಗಿದಾಗಲೇ ನಮಗೆ ಬಾಗಿಲು ಕೆಟ್ಟಿರುವುದು ನೆನಪಾಗುವುದು. ಕಾರಿನಲ್ಲೂ ಅಂಥದ್ದು ಇದ್ದೇ ಇರಬೇಕು.

ವರ್ಷಗಟ್ಟಲೆ ಅಮ್ಮನ ಪಕ್ಕ ಕೂತು ನಾನು ನೋಡಿರುವುದು ರಸ್ತೆಗಿಂತ ಹೆಚ್ಚಾಗಿ ಅವಳ ಕೈಗಳನ್ನು. ಊಟಕ್ಕೆ ಕೂತಾಗ ಕೇಳಿದೆ: "ಅಮ್ಮ, ಸ್ಟೇರಿಂಗ್ ಮೇಲೆ ನಿನ್ನ ಎಡಗೈ ಯಾಕೆ ಯಾವಾಗ್ಲೂ ಬಲಗೈಗಿಂತ ಕೆಳಗಿರುತ್ತೆ?"

"ಎಲ್ಲಿರುತ್ತೆ? ಇರೋ ಕಡೆ ಇರುತ್ತೆ."

"ಎಳೆದು ಹಿಡಿದಿರೋ ಹಾಗೆ ಇರುತ್ತೆ. ದಿನಾ ಸಂಜೆ ನೀನು ಮುಲಾಮು ಹಚ್ಚೋದೂ ಅದೇ ಭುಜಕ್ಕೆ."

"ಅದು ವಯಸ್ಸಾದ್ದಕ್ಕೆ ಕಣೇ. ಕಾರಿಗೂ ನನ್ನ ಭುಜಕ್ಕೂ ಎಲ್ಲಿಂದೆಲ್ಲಿಯ ಸಂಬಂಧ!"

ಎದುರಿಗೆ ಅತ್ತಿಗೆ ಕೂತಿದ್ದಳು. ನನ್ನ ಅಣ್ಣನನ್ನು ಮದುವೆಯಾಗಿ ಈಚೆಗಷ್ಟೇ ನಮ್ಮ ಮನೆಗೆ ಬಂದವಳು; ಬೇಕರಿಯೊಂದರ ಬ್ರೆಡ್ ವ್ಯಾನ್ ಓಡಿಸುತ್ತಾಳೆ. ಊರಿನ ಗಲ್ಲಿಗಲ್ಲಿಯೂ ಅವಳಿಗೆ ಗೊತ್ತು, ನಮ್ಮ ಕಾರಿನ ಸ್ಟೇರಿಂಗ್ ಮಾತ್ರ ಮುಟ್ಟಿದವಳಲ್ಲ. ಅಮ್ಮ ಆ ಕೀಯನ್ನು ಮನೆಯಲ್ಲಿ ಯಾರಿಗೂ ಕೊಡುವುದಿಲ್ಲ. "ಈ ಗಾಡಿ ನನ್ನೊಬ್ಬಳ ಮಾತೇ ಕೇಳೋದು" ಎನ್ನುವುದು ಅವಳ ದೊಡ್ಡ ಹೆಮ್ಮೆ.

"ನಾಳೆ ಅತ್ತಿಗೆ ಓಡಿಸಲಿ," ಎಂದೆ. "ತಪಾಸಣೆಯವರೂ ಅವಳ ಹಾಗೇ ಅಲ್ವಾ, ನಮ್ಮ ಗಾಡಿಗೆ ಹೊಸಬರು."

ಅಮ್ಮ ನನ್ನನ್ನೂ ಸೊಸೆಯನ್ನೂ ನೋಡಿದಳು. "ಆಯ್ತು. ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ."

"ಹೇಳಿಕೊಡಬಾರದು ಅಮ್ಮ. ಅದೇ ಷರತ್ತು."

ಮರುದಿನ ಅಪ್ಪ, ಅಮ್ಮ ಹಿಂದಿನ ಸೀಟಿಗೆ ಹೋದರು. ಅಮ್ಮ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡೇ ಕೂತಳು. ಬೀದಿಯ ತುದಿ ಮುಟ್ಟುವಷ್ಟರಲ್ಲೇ ಅದು ಬಾಯಿಂದ ಕೈಗೆ ಇಳಿದಿತ್ತು.

"ಅತ್ತೇ, ಈ ಕನ್ನಡೀಲಿ ಬರೀ ಆಕಾಶ ಕಾಣ್ತಿದೆ."

"ತಾನಾಗೇ ಇಳಿಯುತ್ತಮ್ಮ. ಆ ಮೂಲೆ ತಿರುಗೋ ಹೊತ್ತಿಗೆ ಸರಿಹೋಗುತ್ತೆ."

"ಮೂಲೆ ತಿರುಗೋಕ್ಕೇ ತಾನೇ ನಂಗೆ ಕನ್ನಡಿ ಬೇಕಾಗಿರೋದು?"

ಅಪ್ಪ ಕಿಸಕ್ಕೆಂದ. "ನೀವು ನಗಬೇಡಿ ಮಾವ," ಎಂದಳು ಅತ್ತಿಗೆ. "ಇಂಡಿಕೇಟರ್ ಹಾಕಿದ್ರೆ ಒಳಗಿನ ಲೈಟೂ ಹತ್ತಿಕೊಳ್ತಿದೆ. ಇದು ನಿಮ್ಮದೇ ಕೈಚಳಕ ತಾನೆ?"

"ಅದು... ಹಾಕಿದ್ದು ಮರೆತುಹೋಗಬಾರದು ಅಂತ," ಎಂದು ಅಪ್ಪ ಕಿಟಕಿಯಾಚೆ ನೋಡತೊಡಗಿದ.

ಗೋದಾಮಿನ ಉದ್ದ ಗೋಡೆಯ ಪಕ್ಕದ ನೇರ ರಸ್ತೆಗೆ ಬಂದೆವು. ಅತ್ತಿಗೆ ವೇಗ ಹೆಚ್ಚಿಸಿ, ರಸ್ತೆ ಖಾಲಿ ಇರುವುದನ್ನು ನೋಡಿಕೊಂಡು ಸ್ಟೇರಿಂಗನ್ನು ಹಗುರವಾಗಿ ಬಿಟ್ಟಳು. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಬಲಕ್ಕೆ ಸರಿಯಿತು. ಬಲಗಡೆಯ ಗೋಡೆ ನಮ್ಮ ಕಡೆಗೇ ಬರತೊಡಗಿತು.

"ಅಯ್ಯಯ್ಯೋ, ಇದೇನಿದು!" ಎಂದಳು ಅತ್ತಿಗೆ.

"ಎಡಕ್ಕೆ ಎಳ್ಕೊಳ್ಳೇ!" ಅಮ್ಮ ಕರ್ಚೀಫು ಎಸೆದು ಕೂಗಿದಳು. "ಎಳ್ಕೊಂಡು ಓಡಿಸು! ಎಲ್ಲರೂ ಎಳ್ಕೊಂಡೇ ತಾನೇ ಓಡಿಸೋದು!"

ಅತ್ತಿಗೆ ಕಾರನ್ನು ಮಟ್ಟಸವಾಗಿ ಪಕ್ಕಕ್ಕೆ ತಂದು ನಿಲ್ಲಿಸಿ ಹಿಂದಕ್ಕೆ ತಿರುಗಿದಳು. "ಯಾರೂ ಎಳ್ಕೊಂಡು ಓಡ್ಸಲ್ಲ ಅತ್ತೆ," ಎಂದಳು ಮೆಲ್ಲಗೆ.

ಅಮ್ಮ ತನ್ನ ಎಡಭುಜದ ಮೇಲೆ ಕೈಯಿಟ್ಟುಕೊಂಡು, ಅದನ್ನು ಈಗಷ್ಟೇ ಯಾರೋ ತಂದು ಜೋಡಿಸಿದರೇನೋ ಎಂಬಂತೆ ನೋಡುತ್ತಿದ್ದಳು.

ನಾನು ಇಳಿದು ಒಂದೊಂದೇ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಮೂರು ಉಗುರುಬೆಚ್ಚಗಿದ್ದವು. ಮುಂದಿನ ಬಲಚಕ್ರದ ಹತ್ತಿರ ಕೈ ಒಯ್ಯುತ್ತಿದ್ದಂತೆ ಕಾದ ಕಾವಲಿಯ ಹಾಗೆ ಬಿಸಿ ಬಡಿಯಿತು. ಕಾಲು ತೆಗೆದ ಮೇಲೂ ಅಲ್ಲಿ ಬ್ರೇಕು ಚಕ್ರವನ್ನು ಬಿಡುತ್ತಲೇ ಇರಲಿಲ್ಲ. ಆ ಚಕ್ರ ಕಾರನ್ನು ಬಲಕ್ಕೆ ಜಗ್ಗುವುದು, ಅಮ್ಮ ಎಡಕ್ಕೆ ಎಳೆಯುವುದು. ಅದೆಷ್ಟು ಕಾಲದಿಂದ ಹೀಗೆ ನಡೆದಿತ್ತೋ, ಕಾರಿಗೂ ಅವಳಿಗೂ ಗೊತ್ತಿರಲಿಲ್ಲ.

ಮನೆಯ ಮುಂದೆ ಚಕ್ರ ಬಿಚ್ಚಿದೆವು. ಚಕ್ರವನ್ನು ತಡೆಯುವ ಬ್ರೇಕಿನ ಹಿಡಿ ಯಾವುದರ ಮೇಲೆ ಹಿಂದೆ ಮುಂದೆ ಸರಿಯಬೇಕೋ ಆ ಎರಡು ಕಂಬಿಗಳೂ ತುಕ್ಕು ಹಿಡಿದು ಗೂಡಿನಲ್ಲೇ ಅಂಟಿಕೂತಿದ್ದವು. ಅಪ್ಪ ಎಣ್ಣೆ ಬಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ, ಅತ್ತಿಗೆ ಇಕ್ಕಳ ಹಿಡಿದು ತಿರುವಿದಳು. ಎರಡನೆಯ ಕಂಬಿ ಹೊರಬಂದಾಗ ಅವಳು ಇಕ್ಕಳದ ಸಮೇತ ಹಿಂದಕ್ಕೆ ಕುಕ್ಕರಿಸಿದಳು. "ನಿಮ್ಮ ಮನೇಲಿ ಎಲ್ಲಾ ಇಷ್ಟು ಹಟಾನೇನೇ?" ಎಂದು ನನ್ನನ್ನು ಕೇಳಿದಳು. ನಾನು ಕಂಬಿಗಳನ್ನು ಮರಳು ಕಾಗದದಿಂದ ತಿಕ್ಕಿದೆ. ಬೆರಳಿಗೆ ತರಿ ಸಿಗದಷ್ಟು ನುಣುಪಾದ ಮೇಲೆ ಗ್ರೀಸು ಸವರಿ ಕೂರಿಸಿದೆ. ಒಂದು ಬೆರಳಿನಿಂದ ತಳ್ಳಿದರೆ ಹಿಡಿ ಒಳಗೆ ಹೋಯಿತು, ಎಳೆದರೆ ಬಂತು. ಗ್ಯಾರೇಜಿನವರು ಬಂದು ತಾವೂ ತಳ್ಳಿ, ಎಳೆದು, ಚಕ್ರ ತಿರುಗಿಸಿ ನೋಡಿದರು. "ಸರಿ," ಎಂದಷ್ಟೇ ಹೇಳಿ ಹೋದರು. ಕನ್ನಡಿಗೆ ಹೊಸ ತಿರುಪು ಬಂತು. ಅಪ್ಪ ಯಾರೂ ಹೇಳದೆಯೇ ಇಂಡಿಕೇಟರಿನ ತಂತಿ ಬೇರೆ ಮಾಡಿದ.

ಆಮೇಲೆ ಅತ್ತಿಗೆ ಒಬ್ಬಳೇ ಕಾರು ತೆಗೆದುಕೊಂಡು ಒಂದು ಸುತ್ತು ಹೋದಳು. ನಾವು ಮೂವರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ಗೇಟಿನಲ್ಲಿ ನಿಂತಿದ್ದೆವು.

"ಹೇಗಿತ್ತು?" ಎಂದಳು ಅಮ್ಮ.

"ಹೇಗಿತ್ತು ಅಂದ್ರೆ? ಕಾರಿನ ಹಾಗಿತ್ತು."

"ಏನೂ ಅನ್ನಿಸ್ಲೇ ಇಲ್ವಾ?"

"ಏನೂ ಇಲ್ಲ ಅತ್ತೆ. ಯಾರು ಬೇಕಾದ್ರೂ ಓಡಿಸಬಹುದು."

ಅಮ್ಮನ ಮುಖದಲ್ಲಿ ಸಂತೋಷ ಬರುವುದಕ್ಕೆ ಮೊದಲು ಬೇರೇನೋ ಬಂದು ಹೋದದ್ದನ್ನು ನಾನು ನೋಡಿದೆ. ಕೀಯನ್ನು ಅಂಗೈಯಲ್ಲಿ ಒಂದೆರಡು ಸಲ ತಿರುಗಿಸಿದಳು. ನಂತರ ಅದನ್ನು ತನ್ನ ಕೈಚೀಲಕ್ಕೆ ಹಾಕಿಕೊಳ್ಳದೆ ಬಾಗಿಲ ಪಕ್ಕದ ಮೊಳೆಗೆ, ಎಲ್ಲರ ಕೈಗೆಟಕುವ ಹಾಗೆ, ತೂಗುಹಾಕಿದಳು.

ತಪಾಸಣೆಯ ಅಂಗಳದಲ್ಲಿ ಅದೇ ಅಧಿಕಾರಿ. ಅಮ್ಮನನ್ನು ಕಂಡದ್ದೇ ಜೇಬಿನಿಂದ ಪೆನ್ನು ತೆಗೆದು, ನಗು ತಡೆದುಕೊಂಡು ನಿಂತರು.

"ಹೇಳಿಯಮ್ಮ. ಎಲ್ಲಿ ಒತ್ತಬೇಕು, ಎಲ್ಲಿ ಎತ್ತಬೇಕು?"

ಅಪ್ಪ ನನ್ನ ತೋಳು ಬಿಗಿಯಾಗಿ ಹಿಡಿದ. ಅಮ್ಮ ಕೀ ಮುಂದೆ ಚಾಚಿದಳು.

"ಹೇಳೋದೇನೂ ಇಲ್ಲ ಸಾರ್. ಓಡಿಸಿ."

ಅವರು ಡೋರು ತೆಗೆದು ಕೂತರು. ನಾವು ಹಳದಿ ಗೆರೆಯ ಈಚೆ ಉಳಿದೆವು. ದೀಪಗಳು ಹತ್ತಿದವು, ಆರಿದವು, ಹಾರನ್ ಕೂಗಿತು. ಕಾರು ಮುಂದೆ ಹೋಗಿ ಉರುಳೆಗಳ ಮೇಲೆ ಹತ್ತಿ ನಿಂತಿತು. ಉರುಳೆಗಳು ಗುರುಗುಟ್ಟುತ್ತ ತಿರುಗಿದವು, ಅವರು ಬ್ರೇಕ್ ಒತ್ತಿದರು. ಗೋಡೆಯ ಮೇಲೆ ದೊಡ್ಡದೊಂದು ಮುಳ್ಳಿನ ಫಲಕ. ಎಡಚಕ್ರಕ್ಕೊಂದು ಮುಳ್ಳು, ಬಲಚಕ್ರಕ್ಕೊಂದು. ಎರಡೂ ಒಟ್ಟಿಗೇ ಎದ್ದು, ಒಟ್ಟಿಗೇ ಏರಿ, ಜೋಡಿ ಎತ್ತುಗಳ ಹಾಗೆ ಒಂದೇ ಕಡೆ ಹೋಗಿ ನಿಂತವು. ಅವರು ಕಾಲು ತೆಗೆದರು. ಒಟ್ಟಿಗೇ ಇಳಿದವು.

ಅಧಿಕಾರಿ ಇಳಿದು ಬಂದರು. ಅಮ್ಮನ ಕೈಗೆ ಚೀಟಿ ಕೊಟ್ಟರು, ಕೀ ಕೊಟ್ಟರು, ನಮ್ಮ ಹೆಗಲಾಚೆ ನೋಡಿ, "ಮುಂದಿನ ಗಾಡಿ!" ಎಂದು ಕೂಗಿದರು. ಅಷ್ಟೇ.

"ಏನೂ ಹೇಳಲೇ ಇಲ್ವಲ್ಲ!" ಎಂದಳು ಅಮ್ಮ.

ನನಗಂತೂ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ.

ಚೀಟಿಯನ್ನು ಅಪ್ಪನೇ ಗಾಜಿಗೆ ಅಂಟಿಸಿದ, ಒಂದು ಗುಳ್ಳೆಯೂ ಉಳಿಯದ ಹಾಗೆ ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ. ಗೇಟಿನಲ್ಲಿ ಒಬ್ಬರು ಬ್ಯಾಗು ಹಿಡಿದು ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದರು. ಅವರ ಕಾರನ್ನು ಒಳಗೇ ಉಳಿಸಿಕೊಂಡಿದ್ದರಂತೆ. ಅಮ್ಮ ಪಕ್ಕದಲ್ಲಿ ನಿಲ್ಲಿಸಿದಳು. "ಎಲ್ಲಿಗೆ ಸಾರ್? ಬಾಡಿಗೆ ಗಾಡಿ, ಬನ್ನಿ." ನಾನು ಹಿಂದಕ್ಕೆ ಹೋಗಿ ಅಪ್ಪನ ಪಕ್ಕ ಕೂತು ಅವರಿಗೆ ಮುಂದಿನ ಸೀಟು ಬಿಟ್ಟುಕೊಟ್ಟೆ.

"ಹಳೇ ಗಾಡಿ, ಆದ್ರೂ ಒಂದೇ ಏಟಿಗೆ ಪಾಸಾಯ್ತಲ್ಲ," ಎಂದರು ಅವರು. "ಯಾವ ಗ್ಯಾರೇಜಲ್ಲಿ ರೆಡಿ ಮಾಡಿಸಿದ್ರಿ?"

ಒಂದೇ ಏಟು ಎನ್ನುವುದನ್ನು ಅಮ್ಮ ತಿದ್ದಲಿಲ್ಲ. "ಗ್ಯಾರೇಜಾ? ಹಿಂದೆ ಕೂತಿದ್ದಾಳಲ್ಲ, ನನ್ನ ಮಗಳು. ಚಕ್ರದ ಹತ್ರ ಕೈ ಹಿಡಿದ್ರೆ ಸಾಕು, ಡಾಕ್ಟರ್ ನಾಡಿ ನೋಡಿದ ಹಾಗೆ, ಗಾಡಿಗೆ ಏನಾಗಿದೆ ಅಂತ ಹೇಳಿಬಿಡ್ತಾಳೆ."

ಅವರು ತಿರುಗಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಲಿಲ್ಲ.

ಮೊದಲ ಸಿಗ್ನಲ್ ದಾಟುವುದರೊಳಗೆ ಅಮ್ಮನ ಮಾತಿನಲ್ಲಿ ನಾನು ನಾಲ್ಕೂ ಚಕ್ರ ಕಳಚಿ ಜೋಡಿಸಿದ್ದೆ. ಸೇತುವೆಯ ಹತ್ತಿರ ಗೇರ್‌ಬಾಕ್ಸ್ ಬಿಚ್ಚಿದೆ. ಆಸ್ಪತ್ರೆಯ ತಿರುವು ಬಂದಾಗ ಎಂಜಿನ್ನೇ ಅಂಗಳದ ಚಾಪೆಯ ಮೇಲಿತ್ತು, ಮತ್ತು ನಾನದನ್ನು ಒಬ್ಬಳೇ ಎತ್ತಿ ಒಳಗೆ ಕೂರಿಸುತ್ತಿದ್ದೆ. ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಲು ಬಾಯಿ ತೆರೆದ. ನಾನು ಅವನ ಮಂಡಿಯನ್ನು ಮೆಲ್ಲಗೆ ಅದುಮಿದೆ.

"ಹೇಳಲಿ ಬಿಡಪ್ಪ," ಎಂದೆ.