ಖಾಲಿ ಜಾಗದ ಗಿಡಗಳು

“ಗಿಡ ಕೆರ್ಕೊಳ್ತದಾ? ಎಲ್ಲಿಯಾದ್ರೂ ನೋಡಿದ್ದೀಯಾ ನೀನು, ಗಿಡ ಕುಂಡೆ ಕೆರ್ಕೊಳ್ಳೂದು? ನೆಟ್ಟಗೆ ನಿಲ್ಲು, ಬೇವರ್ಸಿ!”

ಸೂಪರ್‌ವೈಸರ್ ಶಶಿಕಾಂತ ಪೊರಕೆಯ ಹಿಡಿಯಿಂದ ಹನುಮವ್ವನ ಟೊಂಗೆಗೆ ತಿವಿದ.

“ಒಳಗ ಫೋಮ್ ಐತ್ರಿ ಸಾಹೇಬ್ರ. ಮೈಯೆಲ್ಲಾ ಕಡೀತೈತಿ.”

“ಗಿಡ ಮಾತಾಡ್ಲಿಕ್ಕೂ ಇಲ್ಲ ಮಾರಾಯ್ತಿ!”

ಮುಂಬಯಿಯ ಗೋರೆಗಾಂವಿನ ಆ ದೊಡ್ಡ ಹಾಲಿನಲ್ಲಿ ಅಂದು ಬೆಳಿಗ್ಗೆ ರಾಷ್ಟ್ರಮಟ್ಟದ ಸಮ್ಮೇಳನ. ‘ಸುಸ್ಥಿರತೆಯೇ ರಾಷ್ಟ್ರನೀತಿ’ ಎಂಬ ಮಾತನ್ನು ವೇದಿಕೆಯ ಉದ್ದಕ್ಕೂ ಪ್ಲಾಸ್ಟಿಕ್ ಬ್ಯಾನರಿನಲ್ಲಿ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆಸಿದ್ದರು. ಅಲಂಕಾರಕ್ಕೆ ನಲವತ್ತು ಕುಂಡದ ಗಿಡಗಳು ಬಂದಿದ್ದವು. ಅವಕ್ಕೆ ನೀರು ಹಾಕುವುದು ಯಾವ ವಿಭಾಗದ ಕೆಲಸವೆಂದು ತೀರ್ಮಾನವಾಗುವಷ್ಟರಲ್ಲಿ ನಲವತ್ತೂ ಒಣಗಿ ನಿಂತವು. ಶಶಿಕಾಂತ ಫಿಲಂ ಸಿಟಿಗೆ ಓಡಿ ಆರು ಗಿಡದ ವೇಷ ತಂದ. ಹಾಲಿನ ಕಸ ಗುಡಿಸುವ ಆರು ಮಂದಿಯನ್ನು ಅದರೊಳಗೆ ತುರುಕಿದ. ಆರೂ ಜನ ಬಾಗಲಕೋಟೆ ಕಡೆಯವರು. ಹಾಲಿನ ಹಿಂದೆ ನಾಲಾ ದಂಡೆಯ ಝೋಪಡಿಗಳಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು.

ಕಾರ್ಯಕ್ರಮ ನಡೆಸುವ ಕಂಪನಿಯ ಹುಡುಗಿ ವಿನೋದಿನಿ ಒಬ್ಬೊಬ್ಬರ ಕೊರಳಿಗೂ ಹೆಸರಿನ ಚೀಟಿ ತೂಗುಹಾಕುತ್ತ ಬಂದಳು. ಮಂಗಳೂರಿನವರ ಮಗಳು, ಹುಟ್ಟಿದ್ದು ದಾದರಿನಲ್ಲಿ.

“ಆಂಟಿ, ನೀವು ಬೇವು. ಅಂಕಲ್, ನೀವು ಪೀಪಲ್... ಮತ್ಲಬ್... ಅಶ್ವತ್ಥ. ದೇವರು ವಾಲಾ ಗಿಡ.”

ನಿಂಗಣ್ಣ ಎಲೆಗಳ ನಡುವಿನಿಂದ ಹಲ್ಲು ಕಿರಿದ. “ಕೇಳಿದೇನ ಹನುಮವ್ವ? ಊರಾಗ ನನಗ ಗುಡಿ ಮುಂದಿನ ಕಟ್ಟಿ ಮುಟ್ಟಾಕ ಬಿಡ್ಲಿಲ್ಲ ಭಾಡ್ಯಾಗೋಳು. ಇಲ್ಲಿ ನಾನ ಅಶ್ವತ್ಥ ಆಗೇನಿ!”

ಉದ್ಘಾಟನೆಯ ಪೂಜೆಗೆ ಬಂದ ಭಟ್ಟರಿಗೆ ಕಣ್ಣು ಮಂಜು. ಚೀಟಿಯನ್ನು ಕಣ್ಣಿಗೆ ಹಿಡಿದು ಓದಿ, ನಿಂಗಣ್ಣನ ತೊಗಟೆಗೆ ಕುಂಕುಮ ಹಚ್ಚಿ, ಪ್ರದಕ್ಷಿಣೆ ಶುರುಮಾಡಿಯೇ ಬಿಟ್ಟರು. ಮೂರನೆಯ ಸುತ್ತಿಗೆ ಅಶ್ವತ್ಥ ಜೋರಾಗಿ ಸೀನಿತು.

ಭಟ್ಟರು ಎರಡು ಹೆಜ್ಜೆ ಹಿಂದೆ ಹಾರಿದರು. “ಯಾರು ನೀನು? ಯಾವ ಪೈಕಿ?”

“ಅಶ್ವತ್ಥದ ಪೈಕಿರಿ.”

“ಹಾಗಲ್ಲ, ನಿಜ ಹೇಳು!”

ನಿಂಗಣ್ಣ ನಿಜ ಹೇಳಿದ. ಭಟ್ಟರು ಬಾಗಿಲಲ್ಲಿದ್ದ ಸ್ಯಾನಿಟೈಸರ್ ಬಾಟಲಿ ಅರ್ಧ ಖಾಲಿಯಾಗುವ ತನಕ ಕೈ ಉಜ್ಜಿಕೊಂಡರು.

ಹನುಮವ್ವನಿಗೆ ತಡೆಯಲಾಗುತ್ತಿರಲಿಲ್ಲ. “ಸಾಹೇಬ್ರ, ಒಂದಕ್ಕ ಹೋಗಬೇಕ್ರಿ.”

“ಗಿಡಕ್ಕೆ ನೀರು ಹಾಕೂದು ಉಂಟು, ಗಿಡ ನೀರು ಬಿಡೂದು ಇಲ್ಲ. ಸುಮ್ಮನಿರು, ದೊಡ್ಡ ಸಾಹೇಬ್ರು ಬಂದ್ರು.”

ದಿಲ್ಲಿಯ ದೊಡ್ಡ ಸಾಹೇಬರು ಮುಕ್ಕಾಲು ಗಂಟೆ ಹಿಂದಿಯಲ್ಲಿ ಮಾತಾಡಿದರು. ಮುಂದಿನ ಪೀಳಿಗೆಗಾಗಿ ಈ ಪೀಳಿಗೆ ಸ್ವಲ್ಪ ತ್ಯಾಗ ಮಾಡಬೇಕು ಎಂದರು. ಹಿಂದೆ ಪರದೆಯ ಮೇಲೆ ಒಂದು ಚಿತ್ರ ಬಂತು. “ಈ ಸಭಾಂಗಣದ ಬೆನ್ನಿಗೇ ಇರುವ ಖಾಲಿ ಜಾಗ,” ಎಂದರು.

ಹನುಮವ್ವ ತಲೆ ಎತ್ತಿದಳು. ಖಾಲಿ ಜಾಗದಲ್ಲಿ ನೀಲಿ ತಾಡಪತ್ರಿಯ ಮಾಡು. ಮಾಡಿನ ಮೇಲೆ ಅವಳು ಮೊನ್ನೆ ಒಣಗಲು ಹಾಕಿದ್ದ ಮೆಣಸಿನಕಾಯಿ.

ಸಾಹೇಬರು ಗುಂಡಿ ಒತ್ತಿದರು. ಮಾಡು, ಮೆಣಸಿನಕಾಯಿ ಎರಡೂ ಹೋಗಿ ಹಸಿರು ಉದ್ಯಾನ ಬಂತು. ಬೆಂಚಿನ ಮೇಲೆ ಒಬ್ಬಳು ಹೆಂಗಸು, ಅವಳ ಪಕ್ಕ ನಾಯಿ.

“ಏ! ನನ್ನ ಮನಿ ಎತ್ಲಾಗ ಹೋತೋ?” ಬೇವಿನ ಗಿಡ ಕಿರುಚಿತು.

ಸಭೆಯೆಲ್ಲ ಗಿಡದತ್ತ ತಿರುಗಿತು. ಸಾಹೇಬರು ಚುರುಕು ಮನುಷ್ಯ. “ನೋಡಿ, ಪ್ರಕೃತಿಯೇ ಕೂಗುತ್ತಿದೆ!” ಎಂದರು. ಚಪ್ಪಾಳೆಯೋ ಚಪ್ಪಾಳೆ. ಹನುಮವ್ವ ಇನ್ನೂ ಗಟ್ಟಿಯಾಗಿ ಬೈದಳು. ಚಪ್ಪಾಳೆಯೂ ಇನ್ನೂ ಗಟ್ಟಿಯಾಯಿತು. ಮುಂದಿನ ಸಾಲಿನ ಒಬ್ಬಾಕೆ ಕಣ್ಣು ಒರೆಸಿಕೊಂಡಳು.

ಸಾಹೇಬರು ಹಿತ್ತಾಳೆಯ ಝಾರಿ ಹಿಡಿದು ಕೆಳಗಿಳಿದರು. ಕ್ಯಾಮರಾಗಳತ್ತ ನಗುತ್ತ ಹನುಮವ್ವನ ಪಾದಕ್ಕೆ ನೀರೆರೆದರು. ತಣ್ಣೀರು ಬಿದ್ದದ್ದೇ ತಡ, ಅವಳು ಬೆಳಗಿನಿಂದ ಹಿಡಿದಿಟ್ಟುಕೊಂಡದ್ದು ಕೈಮೀರಿತು. ಕಾಲ ಕೆಳಗಿನ ನೀರು ಝಾರಿಯದೋ ತನ್ನದೋ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ನಾಚಿಕೆ ಉಕ್ಕಿ ಸಿಟ್ಟಾಯಿತು. ಝಾರಿ ಕಸಿದುಕೊಂಡಳು.

“ಮನಿ ಕಿತ್ತು ಕಾಲಿಗೆ ನೀರು ಹಾಕ್ತಿ ಏನಲೇ ಹಾಟ್ಯಾ? ತಗೋ, ನೀನೂ ಬೆಳಿ!”

ಉಳಿದ ನೀರನ್ನೆಲ್ಲ ಅವರ ತಲೆಯ ಮೇಲೆ ಸುರಿದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನೀರು ತೊಟ್ಟಿಕ್ಕುವ ಸಾಹೇಬರು, ಅವಳು ಅಂದದ್ದೇನೆಂದು ತಿಳಿಯದೆ, ವಿನೋದಿನಿಯತ್ತ ತಿರುಗಿದರು. “ಕ್ಯಾ ಬೋಲೀ ಯೇ?”

ವಿನೋದಿನಿ ಒಂದು ಸಲ ಹನುಮವ್ವನ ಮುಖ ನೋಡಿದಳು. “ಆಶೀರ್ವಾದ್ ದಿಯಾ, ಸರ್.”

“ಮನೀಗೆ ನಡೀರಿ!” ಎಂದ ನಿಂಗಣ್ಣ. ಆರೂ ಗಿಡಗಳು ಸಾಲಾಗಿ ಹೊರಟವು. ಬಾಗಿಲಲ್ಲಿ ಅಡ್ಡ ನಿಂತ ಶಶಿಕಾಂತನನ್ನು ಅಶ್ವತ್ಥ ಹೊಟ್ಟೆಯಿಂದಲೇ ತಳ್ಳಿತು. “ನಾಳೆಯಿಂದ ಕೆಲಸಕ್ಕೆ ಬರೂದು ಬೇಡ ಒಬ್ರೂ!” ಎಂದು ಅವನು ಬಿದ್ದಲ್ಲಿಂದಲೇ ಕೂಗಿದ.

ನಾಲಾ ದಂಡೆಯಲ್ಲಿ ಕೆಂಪು ಬಣ್ಣದ ಡಬ್ಬಿ ಹಿಡಿದ ನಗರಪಾಲಿಕೆಯ ಗುಮಾಸ್ತನೊಬ್ಬ ಕೆಡವಬೇಕಾದ ಬಾಗಿಲುಗಳ ಮೇಲೆ ಅಡ್ಡಗೀಟು ಹಾಕುತ್ತಿದ್ದ. ಹನುಮವ್ವ ತನ್ನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಉಳಿದವರೂ ತಮ್ಮ ತಮ್ಮ ಬಾಗಿಲಿಗೆ ನಿಂತರು.

“ಏ ಬಾಯಿ, ಬಾಜೂಲಾ ಹೋ!” ಪಕ್ಕಕ್ಕೆ ಸರಿಯೆಂದು ಗುಮಾಸ್ತ ಗದರಿಸಿದ.

“ತೇರಾ ಕಾಗಜ್ ಮೇ ಕ್ಯಾ ಹೈ? ಇಧರ್ ಝಾಡ್ ಹೋನಾ, ಹೈ ನಾ?” ಹನುಮವ್ವ ಟೊಂಗೆ ಅಗಲಿಸಿದಳು. “ಹೋಗಯಾ ಝಾಡ್. ಗಿಡ ಬಂದು ನಿಂತೈತಿ. ಕಡಿ ನೋಡೂಣು ಈಗ!”

ಗುಮಾಸ್ತ ಕುಂಚವನ್ನು ಡಬ್ಬಿಯಲ್ಲಿಟ್ಟು, ಅತ್ತ ತಿರುಗಿ ಆಫೀಸಿಗೆ ಫೋನು ಮಾಡಿದ. “ಸಾಬ್, ಇಧರ್ ಝಾಡ್ ಹೈ... ಹಾಂ, ಸಿಕ್ಸ್, ಛೇ ಝಾಡ್... ಗಾಲಿ ದೇ ರಹೇ ಹೈ ಸಾಬ್... ನಹೀ ಸಾಬ್, ಮೈ ಪಿಯಾ ನಹೀ ಹೂಂ!” ಗಿಡ ಬೈದದ್ದು ಸುಳ್ಳಲ್ಲ, ತಾನು ಕುಡಿದಿಲ್ಲ ಎಂದು ಆಣೆ ಇಟ್ಟ.

ನಿಂಗಣ್ಣ ಮೆಲ್ಲನೆ ಬಂದು ಕುಂಚ ಎತ್ತಿಕೊಂಡ. ಗುಮಾಸ್ತನ ಬಿಳಿ ಶರ್ಟಿನ ಬೆನ್ನಿಗೆ, ಭುಜದಿಂದ ಸೊಂಟದವರೆಗೆ, ಒಂದನ್ನೊಂದು ಕತ್ತರಿಸುವ ಎರಡು ಗೀಟು ಎಳೆದ.

“ಮೊದಲ ಇದನ್ನ ತೆಗೀರಿ,” ಎಂದ.

ಗಲ್ಲಿಯ ತುದಿಯಲ್ಲಿ ಜೆಸಿಬಿಯೊಂದು ಸ್ಟಾರ್ಟ್ ಆಯಿತು. ಆರೂ ಗಿಡಗಳು ಅತ್ತ ಮುಖ ಮಾಡಿ ನಿಂತವು.