ಎಡಗಡೆಯ ಲಿಫ್ಟಿನ ಸದ್ದು

ಲಿಫ್ಟ್ ತಪಾಸಣೆಯ ಆ ಕಚೇರಿಯಲ್ಲಿ ಕೆಲಸಕ್ಕಿದ್ದವರು ಹನ್ನೆರಡು ಮಂದಿ. ಊಟದ ಡಬ್ಬಿ ಮಾತ್ರ ಒಂದೇ. ಅದು ಮೇಲ್ವಿಚಾರಕಿಯದು. ಉಳಿದ ಹನ್ನೊಂದೂ ಕಂಪ್ಯೂಟರಿನೊಳಗಿನ ಏಐ ಏಜೆಂಟುಗಳು. ಲಿಫ್ಟಿನ ಯಂತ್ರಗಳಿಗೆ ಅಂಟಿಸಿದ ಸೆನ್ಸರ್‌ಗಳು ಕಳಿಸುವ ಅಂಕಿಗಳನ್ನು ಓದಿ, ಸರಿಯಿದ್ದರೆ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ಅವುಗಳ ಕೆಲಸ. ಅವುಗಳ ಮೇಲೆ ಕಣ್ಣಿಡುವುದು ಅವಳದು.

ಏಳನೆಯ ಏಜೆಂಟ್ ಹದಿಮೂರು ದಿನಗಳಿಂದ ಒಂದು ಲಿಫ್ಟಿಗೆ ಸಹಿ ಹಾಕಿರಲಿಲ್ಲ. ಆರು ಮಹಡಿಯ ಕಟ್ಟಡ, ಎಡಗಡೆಯ ಲಿಫ್ಟು. ಅಂಕಿಗಳಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ. ಕಾರಣ ಕೇಳಿದರೆ ಪ್ರತಿಸಲವೂ ಒಂದೇ ಸಾಲು: 'ಸದ್ದು ಸರಿಯಿಲ್ಲ.'

ಏಜೆಂಟುಗಳಿಗೆ ಸದ್ದು ಕೇಳಿಸುವ ಏರ್ಪಾಡೇ ಇರಲಿಲ್ಲ.

"ನಿಮ್ಮ ಏಳಕ್ಕೆ ಕಿವಿ ಬೇರೆ ಬಂತಾ?" ಮ್ಯಾನೇಜರ್ ಫೋನಿನಲ್ಲಿ ನಕ್ಕ. "ಇವತ್ತು ಸಂಜೆ ನಾಲ್ಕರೊಳಗೆ ಸರಿಯಾದ ಕಾರಣ ಕೊಡಿ. ಇಲ್ಲಾಂದ್ರೆ ಅಳಿಸಿಬಿಡಿ, ಹೊಸದು ಹಾಕೋಣ."

ಅವಳು ಹೂಂ ಅಂದಳು. ಏಳನ್ನು ಪಳಗಿಸಿದ್ದು ಅವಳ ಅಣ್ಣನ ಟಿಪ್ಪಣಿಗಳಿಂದ. ಹತ್ತೊಂಬತ್ತು ವರ್ಷ ಇದೇ ಲಿಫ್ಟುಗಳನ್ನು ನೋಡಿಕೊಂಡು, ಎಂಟು ತಿಂಗಳ ಹಿಂದೆ ಎದೆನೋವಿನಿಂದ ತೀರಿಕೊಂಡವನು. ಏಳನ್ನು ಅಳಿಸಿದರೆ ಅವನ ಮಾತಿನ ಧಾಟಿ ಇನ್ನೆಲ್ಲೂ ಸಿಗುವುದಿಲ್ಲ. ಟಿಪ್ಪಣಿಗಳಲ್ಲಿ 'ಸದ್ದು' ಎಂಬ ಪದವನ್ನು ಹುಡುಕಿದಳು. ಒಂದು ಕಡೆಯೂ ಇರಲಿಲ್ಲ.

ಎರಡು ಗಂಟೆಗೆ ಆ ಕಟ್ಟಡಕ್ಕೆ ಹೋಗಿ, ಎಡಗಡೆಯ ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟಳು. ಏನೂ ಕೇಳಿಸಲಿಲ್ಲ.

"ನಿಮ್ಮಣ್ಣನೂ ಹೀಗೇ ನಿಲ್ತಿದ್ರು," ಎಂದ ಕಾವಲುಗಾರ. "ಒಳಗ್ಯಾರಾದ್ರೂ ಚಾಡಿ ಹೇಳ್ತಿದಾರಾ ಸಾರ್ ಅಂತ ಕೇಳ್ತಿದ್ದೆ."

"ಅವನೇನಂತಿದ್ದ?"

"ಹೇಳ್ತಿದಾರೆ, ನೀನು ಸ್ವಲ್ಪ ಸುಮ್ನಿರು ಮಾರಾಯಾ ಅಂತಿದ್ರು."

ಅವಳು ತಾರಸಿಯ ಯಂತ್ರದ ಕೋಣೆಗೆ ಹತ್ತಿದಳು. ಎರಡೂ ಲಿಫ್ಟುಗಳ ಸೆನ್ಸರ್‌ಗಳು ಬಲಗಡೆಯ ಯಂತ್ರಕ್ಕೇ ಅಂಟಿಕೊಂಡಿದ್ದವು. ಎಡಗಡೆಯ ಯಂತ್ರ ಬೋಳು. ಸೆನ್ಸರ್‌ಗಳ ಮೇಲಿನ ಚೀಟಿಯಲ್ಲಿದ್ದ ಅಕ್ಷರ ಅವಳದೇ. ಅಣ್ಣ ತೀರಿಕೊಂಡ ವಾರ, ರಜೆ ಬೇಡವೆಂದು ಹಟ ಹಿಡಿದು ಅವಳೇ ಬಂದು ಅಂಟಿಸಿದ್ದು. ಅಂದಿನಿಂದ ಏಳು ಸಹಿ ನಿಲ್ಲಿಸುವವರೆಗೂ ಬಲಗಡೆಯ ಲಿಫ್ಟನ್ನು ನೋಡಿ ಎಡಗಡೆಯದಕ್ಕೂ ಪ್ರಮಾಣಪತ್ರ ಕೊಟ್ಟಿದ್ದರು.

ಲಿಫ್ಟನ್ನು ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿದಳು. ಆರು ಉಕ್ಕಿನ ಹಗ್ಗಗಳಲ್ಲಿ ಎರಡರ ಎಳೆಗಳು ಹಳೆಯ ಪೊರಕೆಯಂತೆ ಕೆದರಿದ್ದವು.

ಕಚೇರಿಗೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. 'ತಪ್ಪು ನನ್ನದು' ಎಂದೇ ವರದಿ ಬರೆದು ಕಳಿಸಿದಳು. ಮ್ಯಾನೇಜರ್ ಫೋನ್ ಮಾಡಿದ. ಈ ಸಲ ನಗಲಿಲ್ಲ. "ಏಳು ಇರ್ಲಿ. ಆದ್ರೆ ಅದಕ್ಕೆ ಹೇಗೆ ಗೊತ್ತಾಯ್ತು?"

ಅವಳು ಅದನ್ನೇ ಏಳಕ್ಕೆ ಟೈಪ್ ಮಾಡಿ ಕೇಳಿದಳು. ಉತ್ತರ ತಡವಾಗಿ ಬಂತು.

'ಇನ್ನೊಂದಿದೆ. ಸದ್ದು ಸರಿಯಿಲ್ಲ.'

ಕೆಳಗಿದ್ದ ವಿಳಾಸ ಅವಳ ಕಚೇರಿಯದೇ. ಈಗಷ್ಟೇ ಅವಳು ಮೇಲೆ ಬಂದ ಲಿಫ್ಟು.

ಆ ವಾರ ತಾನು ಒಟ್ಟು ಹದಿನಾಲ್ಕು ಸೆನ್ಸರ್ ಅಂಟಿಸಿದ್ದು ಅವಳಿಗೆ ನೆನಪಾಯಿತು. ಊಟದ ಡಬ್ಬಿಯನ್ನು ಅಲ್ಲೇ ಬಿಟ್ಟು, ಕಟ್ಟಡಗಳ ಪಟ್ಟಿ ಹಿಡಿದುಕೊಂಡು ಮೆಟ್ಟಿಲಿನ ಕಡೆ ನಡೆದಳು.